ಕೂತು ಆಡುವ ಆಟ

ನಿನ್ನೆ ಅಜ್ಜಂಪುರದ ಮೈದಾನದ ಪಕ್ಕ ಬರುವಾಗ ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಹುಡುಗರು ವಾಲಿಬಾಲ್ ಕೋರ್ಟಿಗೆ ಗೆರೆ ಹಾಕುತ್ತಿದ್ದರು. ಪಕ್ಕದ ಮನೆಯ ಮಾವ ನೆನಪಾದರು...

ಮಾವ ಸೈನ್ಯದಲ್ಲಿದ್ದವರು. ಗಡಿಯಲ್ಲಿ ನೆಲಬಾಂಬು ಸಿಡಿದು ಬಲಗಾಲು ಮಂಡಿಯ ಮೇಲಿಂದ ಹೋಯಿತು. ಸೈನ್ಯದ ಆಸ್ಪತ್ರೆಯಲ್ಲಿ ಮೊದಮೊದಲು ಯಾರೊಂದಿಗೂ ಮಾತಿಲ್ಲದೆ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರಂತೆ. ಅವರನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅಲ್ಲಿ ಕಲಿಸಿದ ವಾಲಿಬಾಲ್. ಬಲೆಯನ್ನು ತಗ್ಗಿಸಿ ಕಟ್ಟುತ್ತಾರೆ, ಎಲ್ಲರೂ ನೆಲದ ಮೇಲೆ ಕೂತು, ಕೈಯೂರಿ ಜರುಗುತ್ತಾ ಆಡುತ್ತಾರೆ.

"ಅನ್ನ ರುಚಿ ಹತ್ತಿದ್ದೇ ಆ ಆಟ ಆಡಿದ್ಮೇಲೆ ಕಣೋ," ಅನ್ನುತ್ತಿದ್ದರು.

ಊರಿಗೆ ಬಂದ ಮೇಲೆ ನಮ್ಮನ್ನೆಲ್ಲ ಕೂರಿಸಿ ಆಡಿಸಿದರು. ಎರಡೂ ಕಾಲಿದ್ದ ನಾವು ಚೆಂಡಿನ ಹತ್ತಿರ ಹೋಗಲಾರದೆ ಒದ್ದಾಡುತ್ತಿದ್ದರೆ, ಮಾವ ಸರ್ರನೆ ಜರುಗಿ ಬಂದು ಹೊಡೆಯುತ್ತಿದ್ದರು. ಮೈಯೆಲ್ಲ ಧೂಳು, ಮುಖದ ತುಂಬ ನಗು...

ಅದು ಯುವಕ ಸಂಘದ ಅಧ್ಯಕ್ಷರ ಕಣ್ಣಿಗೆ ಬಿತ್ತು. ಮೈದಾನಕ್ಕೇ ಬಂದು ನಮ್ಮ ಮೇಲೆ ಹರಿಹಾಯ್ದರು. "ದೇಶಕ್ಕೆ ಕಾಲು ಕೊಟ್ಟೋರನ್ನ ಧೂಳಲ್ಲಿ ಕೂರಿಸ್ತೀರೇನ್ರೋ? ನಾಚಿಕೆ ಆಗಲ್ವಾ?"

"ನಾನೇ ಕೂತಿರೋದು ಕಣ್ರೀ," ಅಂದರು ಮಾವ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರೋ ಟೀ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಇಬ್ಬರು ಕಂಕುಳಿಗೆ ಕೈ ಹಾಕಿ ಅವರನ್ನು ಎತ್ತಿ ಕೂರಿಸಿಯೇಬಿಟ್ಟರು. ನಾನು ಜಗಳಕ್ಕೇ ಹೋದೆ, ಪ್ರಯೋಜನವಾಗಲಿಲ್ಲ. ಮಾರನೆಯ ದಿನ ಬಲೆ ಮತ್ತೆ ಮೇಲೇರಿತ್ತು.

ಆಮೇಲೆ ಬರೀ ಸನ್ಮಾನ. ಕಡೂರಿಗೆ ಕರೆದು ಶಾಲು ಹೊದಿಸಿದರು, ತರೀಕೆರೆಗೆ ಕರೆದು ಪೇಟ ತೊಡಿಸಿದರು. ಹೋದ ಕಡೆಯಲ್ಲೆಲ್ಲ ಮಾವ ಮೈಕ್ ಹಿಡಿದು ಕೇಳಿದ್ದು ಒಂದೇ. ಕೂತು ಆಡುವವರಿಗೂ ಒಂದು ಕೋರ್ಟು ಬಿಟ್ಟುಕೊಡಿ ಅಂತ. ಚಪ್ಪಾಳೆ ಜೋರಾಗಿಯೇ ಹೊಡೆದರು. ಕೋರ್ಟು ಮಾತ್ರ ಕೊಡಲಿಲ್ಲ. ಎಂಥ ಜನವಪ್ಪಾ ನಮ್ಮದು... ಈ ಜನ ಕೊಡೋ ಗೌರವಕ್ಕಿಷ್ಟು ಬೆಂಕಿ ಹಾಕ.

ಮಾವ ಕ್ರಮೇಣ ಮನೆ ಹಿಡಿದರು. ಮೈ ಬಂತು, ಸಕ್ಕರೆ ಕಾಯಿಲೆ ಬಂತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದ ಆ ಗೋಡೆಯನ್ನು ಊರೇ ಅವರಿಗೆ ವಾಪಸ್ ಕೊಟ್ಟಿತು. ಹೋದ ವರ್ಷ ತೀರಿಕೊಂಡರು.

ನಿನ್ನೆ ಗೆರೆ ಹಾಕುತ್ತಿದ್ದದ್ದು ಅವರ ಸ್ಮರಣಾರ್ಥ ಪಂದ್ಯಾವಳಿಗೆ. ಅಧ್ಯಕ್ಷರು ನನ್ನನ್ನು ಕಂಡು, "ಬಾರಪ್ಪ, ಮಾವನ ಬಗ್ಗೆ ಎರಡು ಮಾತಾಡು," ಅಂದರು.

"ಒಂದು ಪಂದ್ಯ ಕೂತು ಆಡ್ಸಿ. ಮಾತಾಡ್ತೀನಿ."

"ಅದೆಲ್ಲ ಬ್ಯಾಡ ಕಣಪ್ಪ. ಅವ್ರ ಹೆಸರಲ್ಲಿ ನಡೀತಿರೋದು, ಮರ್ಯಾದೆಯಾಗಿ ನಡೀಬೇಕು," ಅಂದರು.

ಮೈ ಉರಿದುಹೋಯಿತು. ಮಾವ ಇಲ್ಲದ ಆ ಮೈದಾನದಲ್ಲಿ ನಿಲ್ಲಲಾಗದೆ ಮನೆಗೆ ಬಂದೆ.