ಮೇರಿ ಕದ್ದ ಬಟ್ಟೆ

ಸೂರತ್‌ನ ಬಟ್ಟೆ ಮಾರುಕಟ್ಟೆ. ಚಪ್ಪಲಿ ಬಿಟ್ಟು ಅಂಗಡಿಯ ಬಿಳಿ ಗಾದಿಯ ಮೇಲೆ ಕೂತಿದ್ದೇವೆ. ಜೊತೆಗಿರುವ ಎಲೆನ್ ಅಮೆರಿಕದವಳು, ಅಹಮದಾಬಾದಿನಲ್ಲಿ ನನ್ನ ಸಹೋದ್ಯೋಗಿ. ಸುಮಾರು ಮುನ್ನೂರು ವರ್ಷಗಳ ಹಿಂದೆ ಅವಳ ವಂಶದ ಮೇರಿ ಎಂಬ ಹುಡುಗಿ ಲಂಡನ್ನಿನ ಅಂಗಡಿಯಲ್ಲಿ ಸೂರತ್ತಿನ ಹೂವಿನಚ್ಚಿನ ಹತ್ತಿ ಬಟ್ಟೆ ಕದ್ದು ಸಿಕ್ಕಿಬಿದ್ದಳಂತೆ. ಶಿಕ್ಷೆಯೆಂದು ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಿದರು. ಅವಳು ಅಲ್ಲೇ ದುಡಿದು, ಮದುವೆಯಾಗಿ, ನೆಲೆನಿಂತಳು.

"ಅವಳು ಕದಿಯದಿದ್ದರೆ ನಾನೇ ಇರುತ್ತಿರಲಿಲ್ಲ. ಆ ಬಟ್ಟೆಗೊಂದು ಥ್ಯಾಂಕ್ಸ್ ಹೇಳಬೇಕು" ಎಂದು ಎಲೆನ್ ರೈಲಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ನಾನು ಹಿಂದಿಯಲ್ಲಿ ಕಥೆ ಹೇಳಿದೆ. ಅಂಗಡಿಯ ಹಿರಿಯರು ನಗಲಿಲ್ಲ. ಈಗ ಇಲ್ಲೆಲ್ಲ ಪಾಲಿಯೆಸ್ಟರ್. ಹಿಂದಿನ ಕಪಾಟಿನಿಂದ ಹತ್ತಿ ಬಟ್ಟೆಯ ಥಾನುಗಳನ್ನು ಇಳಿಸಿ ಒಂದೊಂದಾಗಿ ಹರಡಿದರು. ಎಲೆನ್ ಕೆಂಪು ಹೂವಿನದನ್ನು ಮಡಿಲಿಗೆ ಎಳೆದುಕೊಂಡಳು.

ಬಟ್ಟೆ ಮಡಿಸುತ್ತ ಅವರು ವಾಡಿಕೆಯಂತೆ ನನ್ನನ್ನು ಕೇಳಿದರು: "ಬಿಲ್ ಬೇಕಾ ಬೆನ್? ಬಿಲ್ ಇಲ್ದೆ ಆದ್ರೆ ಸ್ವಲ್ಪ ಕಮ್ಮಿಗೆ ಕೊಡ್ತೀನಿ."

ಇಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ. ನಾನಾದರೆ ಯಾವತ್ತೂ ಕಮ್ಮಿಯ ಕಡೆಯೇ. ಅವರ ಮಾತನ್ನು ಎಲೆನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬಟ್ಟೆಯಿಂದ ಕೈ ತೆಗೆದಳು.

"ಬಿಲ್ ಬೇಕೇ ಬೇಕು ಅಂತ ಹೇಳು. ಬಿಲ್ ಇಲ್ಲದೆ ಇದನ್ನು ಒಯ್ದರೆ ಏನಾಗುತ್ತೆ ಅಂತ ನಮ್ಮ ಮನೆಯವರಿಗೆಲ್ಲ ಗೊತ್ತು."

ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಆಗ ಹಿರಿಯರು ನಕ್ಕರು. ಚಹಾ ತರಿಸಿದರು. ಕನ್ನಡಕ ಏರಿಸಿಕೊಂಡು, "ಯಾರ ಹೆಸರಿಗೆ ಬರೀಲಿ?" ಎಂದರು.

ಎಲೆನ್ ಮತ್ತೆ ಬಟ್ಟೆಯ ಮೇಲೆ ಕೈಯಿಟ್ಟು, "ಮೇರಿ" ಎಂದಳು.

ಅವರು ಗುಜರಾತಿಯಲ್ಲಿ, ನಿಧಾನವಾಗಿ, ‘ಮೇರಿಬೆನ್’ ಎಂದು ಬರೆದರು.