ಪತಂಗದ ಬೆನ್ನಿನ ಕೆಂಪು ಚುಕ್ಕೆ

ಗುಬ್ಬಿಯ ಅಡವಿಯಪ್ಪನಿಗೆ ತುಮಕೂರಿನ ಕಾಲೇಜೊಂದರಲ್ಲಿ ಅಟೆಂಡರ್ ಕೆಲಸ. ಪ್ರಾಣಿಶಾಸ್ತ್ರದ ಲ್ಯಾಬಿನ ಕಪ್ಪೆ, ಹಾವು, ಹುಳುಹುಪ್ಪಟೆ ಎಲ್ಲ ಅವನ ಸುಪರ್ದಿ. ಓದಿದ್ದು ಏಳನೇ ಕ್ಲಾಸು. ಆದರೆ ರೆಕ್ಕೆಯ ಪುಡಿ ಉದುರದಂತೆ ಪತಂಗಕ್ಕೆ ಗುಂಡುಸೂಜಿ ಚುಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಎಪ್ಪತ್ತೆಂಟರ ಮಳೆಗಾಲದಲ್ಲಿ ದೇವರಾಯನದುರ್ಗದ ಕಾಡಿನಿಂದ ಬೂದುಬಣ್ಣದ ಪತಂಗವೊಂದನ್ನು ಹಿಡಿದು ತಂದ. ಪ್ರಾಣಿಶಾಸ್ತ್ರ ಕಲಿಸುವ ನರಸಿಂಹಯ್ಯ ಮೇಷ್ಟ್ರು ಪುಸ್ತಕ ತಿರುವಿ, ಗೊತ್ತಿರುವ ಜಾತಿಯದೇ ಇರಬೇಕೆಂದು ಪೆಟ್ಟಿಗೆಯಲ್ಲಿಡಿಸಿದರು. ದಸರಾ ರಜೆ ಮುಗಿಸಿ ಬಂದು ಮತ್ತೆ ಭೂತಗನ್ನಡಿ ಹಿಡಿದರೆ, ಬೆನ್ನಿನ ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆ! ಮೊದಲೇ ಕಾಣಲಿಲ್ಲವಲ್ಲ ಎಂದು ತಮ್ಮ ಕನ್ನಡಕವನ್ನೇ ಬೈದುಕೊಂಡರು.

“ಹೊಸ ಜಾತಿ ಕಣಯ್ಯ. ನೀನು ಹಿಡಿದದ್ದು, ನಿನ್ನ ಹೆಸರನ್ನೇ ಇಡ್ತೀನಿ,” ಎಂದರು.

ಅಡವಿಯಪ್ಪನ ಎದೆ ಧಸಕ್ಕೆಂದಿತು. ಆಯುಧಪೂಜೆಯ ದಿನ ಮೈಕ್ರೋಸ್ಕೋಪಿಗೆ, ಕತ್ತರಿಗೆ ಕುಂಕುಮ ಹಚ್ಚಿದವನು, ತಾನು ತಂದ ಪತಂಗವನ್ನು ಬರಿದೇ ಬಿಡಲು ಮನಸ್ಸಾಗದೆ ಬೆಂಕಿಕಡ್ಡಿಯ ತುದಿಯಿಂದ ಅದಕ್ಕೂ ಒಂದು ಬೊಟ್ಟಿಟ್ಟಿದ್ದ.

ಆಗಲೇ ಹೇಳಬೇಕಿತ್ತು. ಹೆಸರಿನ ಆಸೆ ನಾಲಿಗೆ ಹಿಡಿಯಿತು. ಮನೆಯಲ್ಲಿ ಹೆಂಡತಿ ಹನುಮಂತಮ್ಮನಿಗೆ ಹೆಸರಿಡುವ ಸಂಗತಿ ಬಾಯಿಬಿಟ್ಟದ್ದೇ ತಪ್ಪಾಯಿತು, ಸಂಜೆಯೊಳಗೆ ನಲ್ಲಿ ಹತ್ತಿರ ನಿಂತವರಿಗೆಲ್ಲ ಸುದ್ದಿ. ಇತ್ತ ಮೇಷ್ಟ್ರು ಚುಕ್ಕೆಯ ಮೇಲೆಯೇ ಎರಡು ಪುಟ ಬರೆದು ಟೈಪು ಮಾಡಿಸಿದರು. ಸೋಮವಾರ ಬರಹ, ಪತಂಗ ಎರಡೂ ಹುಳುಗಳ ಜಾತಿ ಗುರುತಿಸುವ ಕಲ್ಕತ್ತೆಯ ಪಂಡಿತರಿಗೆ ಹೋಗುವುದೆಂದು ಗೊತ್ತಾಯಿತು. ಅಲ್ಲಿ ಬೊಟ್ಟು ಅಳಿಸಿದರೆ ಮೇಷ್ಟ್ರ ಮಾನದ ಗತಿಯೇನು? ಅಡವಿಯಪ್ಪ ಅರ್ಧ ಮುದ್ದೆಗೇ ತಟ್ಟೆ ಬಿಟ್ಟು ಏಳುತ್ತಿದ್ದ. ಮೇಷ್ಟ್ರು ಕೆಮ್ಮಿದರೂ ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯೇ.

ಸೋಮವಾರ ಬೆಳಗ್ಗೆ ಅಂಚೆಗೆ ಹಾಕುವ ಪೆಟ್ಟಿಗೆಗೆ ಬಟ್ಟೆ ಹೊಲಿಯಲು ಮೇಷ್ಟ್ರು ಸೂಜಿ ದಾರ ಕೊಟ್ಟರು. ಅವನು ಎರಡನ್ನೂ ಮೇಜಿನ ಮೇಲೆ ಇಟ್ಟುಬಿಟ್ಟ.

“ಸಾ, ಆ ಚುಕ್ಕೆ ನಾನಿಟ್ಟಿದ್ದು. ಆಯುಧಪೂಜೆ ಕುಂಕುಮ.”

ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬೈದರೆ ಸಾಕಿತ್ತು ಅವನಿಗೆ. ಬೈಯಲಿಲ್ಲ. ಹತ್ತಿಗೆ ಸ್ಪಿರಿಟ್ ಅದ್ದಿ ಅವನ ಕೈಗೇ ಕೊಟ್ಟು, “ನಿನ್ನಷ್ಟು ನಾಜೂಕು ನನಗೆ ಬರಲ್ಲ, ನೀನೇ ಒರೆಸು,” ಎಂದರು.

ಒಂದು ರೋಮವೂ ಉದುರದಂತೆ ಒರೆಸಿದ. ಹತ್ತಿ ಕೆಂಪಾಯಿತು, ಪತಂಗ ಮತ್ತೆ ಬರೀ ಬೂದು. ಮೇಷ್ಟ್ರು ಟೈಪಾದ ಹಾಳೆಗಳನ್ನು ಮಡಿಸಿ ಡ್ರಾಯರಿಗೆ ಹಾಕಿದರು.

ಸಂಜೆ ಹನುಮಂತಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಹೆಸರು ಕಲ್ಕತ್ತೆಗೆ ಹೋಯಿತೇ ಎಂದು ಕೇಳಿದಳು.

“ಇಲ್ಲ ಕಣೇ,” ಎಂದ ಅಡವಿಯಪ್ಪ, “ನಾನೇ ಒರೆಸ್ಬಿಟ್ಟು ಬಂದೆ.”

ಅಂದು ಎರಡು ಮುದ್ದೆ ಉಂಡ.