ತಂಗಿಗೊಂದು ಹೊಲಿಗೆ ಮಿಷಿನ್

ಪೀಣ್ಯದ ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ಒಬ್ಬರು ವಾಚ್‌ಮನ್ ಇದ್ದರು. ಮಿಲಿಟರಿಯಿಂದ ರಿಟೈರ್ ಆಗಿ ಬಂದವರು. ಯಾವ ಅಂಗಡಿಗೆ ಹೋದರೂ ಎದೆ ಸೆಟೆದು ನಿಂತು, "ಮಿಲಿಟ್ರಿಯವ್ರಿಗೆ ಎಷ್ಟು ಬಿಡ್ತೀಯಪ್ಪಾ?" ಎಂದೇ ಕೇಳುತ್ತಿದ್ದರು. ದಾಸರಹಳ್ಳಿಯ ತರಕಾರಿ ಗಾಡಿಯವನು ಒಮ್ಮೆ, "ಯುದ್ಧ ಮುಗೀತಲ್ಲ ಸಾರ್, ಟೊಮೇಟೊಗೂ ಬಿಡಬೇಕಾ?" ಎಂದ. ಅವರು ನಗುತ್ತಾ ಎರಡು ಹಣ್ಣು ಹೆಚ್ಚಿಗೆ ಹಾಕಿಕೊಂಡರು.

ನನ್ನ ಅಕ್ಕ ಗಂಡನನ್ನು ಬಿಟ್ಟು ಬಂದಿದ್ದಳು. ಹೊಲಿಗೆ ಹಾಕಿ ಬದುಕುತ್ತೇನೆ ಅನ್ನುತ್ತಿದ್ದಳು, ಆದರೆ ಮಿಷಿನ್ ಇರಲಿಲ್ಲ. ಅಂಗಡಿ ರೇಟು ನಮ್ಮ ಕೈಗೆ ಎಟುಕುವಂಥದ್ದಲ್ಲ. ಮಿಲಿಟರಿಯವರಿಗೆಂದೇ ಇರುವ ಕ್ಯಾಂಟೀನ್ ಅಂಗಡಿಯಲ್ಲಿ ಕಮ್ಮಿಗೆ ಸಿಗುತ್ತದೆ, ತಂದುಕೊಡಿ ಎಂದು ವಾಚ್‌ಮನ್ ಅವರನ್ನು ಕೇಳಿದೆ.

"ಅದು ಮನೆಯವ್ರಿಗೆ ಮಾತ್ರ ಕಣೋ. ಸುಳ್ಳು ಹೇಳಿ ತರಲ್ಲ ನಾನು," ಎಂದರು. ನನಗೆ ಸಿಟ್ಟು ಬಂತು.

ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಅಕ್ಕನಿಗೆ ಒಂದು ಕೆಂಪು ದಾರ ಕೊಟ್ಟು ಕೈ ಚಾಚಿದರು.

"ಕಟ್ಟಮ್ಮ. ನಾರ್ತ್ ಕಡೆ ಹುಡುಗರಿಗೆ ರಾಖಿ ಅಂತ ಹಿಂಗೆ ಕಟ್ಟಿದವಳು ತಂಗಿ ಆಗ್ತಾಳೆ. ರೆಜಿಮೆಂಟಲ್ಲಿ ನೋಡಿದೀನಿ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಕಟ್ಟಿದಳು.

ಮೂವರೂ ಕ್ಯಾಂಟೀನಿಗೆ ಹೋದೆವು. ನಾವು ಹೊರಗೆ ನಿಂತೆವು, ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ, ಬೆವರುತ್ತಾ ವಾಪಸ್ ಬಂದರು.

"ತಂಗಿಗೆ ಅಂದೆ. ತಂಗಿ ಹೆಸರೇನು ಅಂತ ಕೌಂಟರಿನವ್ನು ಕೇಳ್ತಾವ್ನೆ. ನಿನ್ನ ಹೆಸರೇನಮ್ಮ?"

ಅಕ್ಕ ನಗು ತಡೆದುಕೊಂಡು ಹೇಳಿದಳು. ಅವರು ಅದನ್ನು ಬಾಯಿಪಾಠ ಮಾಡುತ್ತಲೇ ಒಳಗೆ ಹೋದರು, ಮಿಷಿನ್ ಹೆಗಲ ಮೇಲೆ ಹೊತ್ತುಕೊಂಡು ಬಂದರು. ಬಸ್ ಸ್ಟಾಪಿನವರೆಗೆ ನಾನು ಹೊರುತ್ತೇನೆ ಎಂದರೆ ಕೊಡಲಿಲ್ಲ.

"ಬಿಡೋ, ನನ್ನ ತಂಗೀದು," ಎಂದರು.